ಬಾವಿ ತೋಡಿಸದ ಮಗನ ಕಾಲಲ್ಲಿ ನೀರು

ಹೋದ ವಾರ ದೇವನೂರಿನ ನಮ್ಮ ಮೇಲಿನ ಹೊಲದಲ್ಲಿ ನಿಮ್ಮಪ್ಪ ಬೋರ್ ಕೊರೆಸಿದ. ಲಾರಿಯ ಸದ್ದಿಗೆ ನೀವಿಬ್ಬರೂ ಕುಣಿದಿರಿ. ನಾನು ಬೇವಿನ ಮರದ ಕೆಳಗೆ ನಿಂತಿದ್ದೆ. ಬೂದಿಯ ಹಾಗೆ ಹಾರುತ್ತಿದ್ದ ಕಲ್ಲಿನ ಪುಡಿ ಇದ್ದಕ್ಕಿದ್ದಂತೆ ಒದ್ದೆಯಾಗಿ, ಕೆಸರಾಗಿ ಮೇಲೆ ಬಂತು. ಆ ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿದದ್ದೇ ನಾನು ಮನೆ ಕಡೆ ಹೊರಟುಬಿಟ್ಟೆ. ಸಿಂಚನಾ, ನೀನು ಹಿಂದೆಯೇ ಓಡಿ ಬಂದು, ನೀರು ಬಿತ್ತು ಅಂತ ಎಲ್ಲರೂ ನಗುತ್ತಿದ್ದರೆ ನೀನು ಯಾಕಜ್ಜಿ ಹೀಗೆ ಹೊರಟೆ ಎಂದು ಕೇಳಿದೆ. ಆಗ ನನಗೆ ಹೇಳಲಾಗಲಿಲ್ಲ. ನಾಲ್ಕು ಜನ ಇರುವ ಕಡೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ, ಅದು ಹುಟ್ಟುಗುಣ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಓದು, ಭರತನಿಗೂ ಓದಿ ಹೇಳು. ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇಷ್ಟಕ್ಕೆ ಸಾಕು.

ಈ ವಾಸನೆಯನ್ನು ನಾನು ಹಿಂದೆ ಕಂಡದ್ದು ಒಂದೇ ಸಲ, ನಿಮ್ಮ ತಾತ ಅದೇ ಹೊಲದಲ್ಲಿ ಬೋರ್ ಹಾಕಿಸಿದ ವರ್ಷ. ನಿಮ್ಮಪ್ಪ ಆಗ ಹೈಸ್ಕೂಲು. ನೀರು ಚೆನ್ನಾಗಿಯೇ ಬಿತ್ತು. ಆದರೆ ಮುಂದಿನ ಯುಗಾದಿಯೊಳಗೆ ತಾತನ ಕಾಲು ಬಾತುಕೊಂಡವು. ಕೆಮ್ಮು ಹಿಡಿಯಿತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಪಡಸಾಲೆಯ ಕಂಬಕ್ಕೆ ಒರಗಿಕೊಂಡೇ ರಾತ್ರಿ ಕಳೆಯುತ್ತಿದ್ದರು. ಒಂದು ದಿನ ಹಿತ್ತಿಲಲ್ಲಿ ಕುಸಿದವರು ಏಳಲಿಲ್ಲ. ಅವರಿಗೂ ಹಿಂದೆ ಅವರಪ್ಪ ತೆರೆದ ಬಾವಿ ತೋಡಿಸಿ, ಹೀಗೆಯೇ ಕಾಲು ಬಾತು ಹೋಗಿದ್ದರಂತೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಮಾತು ಬೇರು ಬಿಟ್ಟಿತ್ತು. ಈ ವಂಶದ ಗಂಡಸರು ನೆಲದ ನೀರು ತೆಗೆಯಬಾರದು, ತೆಗೆದರೆ ಆ ನೀರು ಅವರ ಕಾಲಿಗೇ ಬಂದು ಇಳಿಯುತ್ತದೆ. ತಾತ ಹೋದ ಮೇಲೆ ಬೋರಿನ ಬಾಯಿಗೆ ಚಪ್ಪಡಿ ಮುಚ್ಚಿಸಿದರು. ನಾಲೆ ನೀರು ಹತ್ತದ ಆ ಹೊಲದಲ್ಲಿ ಮಳೆ ನಂಬಿಕೊಂಡು ಹುರುಳಿ, ರಾಗಿ ಬೆಳೆದುಕೊಂಡೆವು. ಬಾವಿಯ ಗೋಜು ಬಿಟ್ಟರೆ ನನ್ನ ಮಗ ಉಳಿಯುತ್ತಾನೆ ಎಂದು ನಾನು ಧೈರ್ಯವಾಗಿದ್ದೆ.

ನಾನು ಹೇಳಹೊರಟ ವರ್ಷಕ್ಕೆ ನಿಮ್ಮಪ್ಪ ಮಹದೇವ ಹುಲ್ಲಹಳ್ಳಿ ಕಡೆ ಲೈನ್‌ಮನ್ ಆಗಿದ್ದ. ಸಿಂಚನಾ, ನೀನು ಅಂಗನವಾಡಿಗೆ ಹೋಗುತ್ತಿದ್ದೆ. ಭರತ ಇನ್ನೂ ತೊಟ್ಟಿಲಲ್ಲಿ. ಆರಿದ್ರಾ ಮಳೆ ಬಿಡದೆ ಹಿಡಿದುಕೊಂಡಿತ್ತು. ಗಾಳಿಗೆ ತಂತಿ ಹರಿಯುವುದು, ಗದ್ದೆ ಬದುವಿನಲ್ಲಿ ಕಂಬ ವಾಲುವುದು, ನಿಮ್ಮಪ್ಪನಿಗೆ ಪುರುಸೊತ್ತಿಲ್ಲ. ಅಳಿಲಿನ ಹಾಗೆ ಕಂಬ ಹತ್ತುತ್ತಿದ್ದವನು ಅರ್ಧಕ್ಕೆ ನಿಂತು ಸುಧಾರಿಸಿಕೊಳ್ಳುತ್ತಿದ್ದಾನೆ ಎಂದು ಜೊತೆಯವರು ತಮಾಷೆ ಮಾಡಿದರಂತೆ. ಹೆಂಡತಿ ಕೈ ಊಟ ಜಾಸ್ತಿಯಾಯಿತು ಎಂದರಂತೆ. ಮೆಡಿಕಲ್ ಸ್ಟೋರಿನಿಂದ ಕೆಮ್ಮಿನ ಸಿರಪ್ಪು ಬಂತು, ಗ್ಯಾಸಿನ ಮಾತ್ರೆ ಬಂತು. ಮಳೆಯಲ್ಲಿ ನೆನೆದ ಶೀತ ಎಂದು ನಾನೂ ಮೆಣಸಿನ ಕಷಾಯ ಕಾಸಿಕೊಟ್ಟೆ.

ಒಂದು ಬೆಳಿಗ್ಗೆ ಅವನು ಜಗುಲಿಯಲ್ಲಿ ಕೂತು ಶೂ ಹಾಕಿಕೊಳ್ಳಲು ಒದ್ದಾಡುತ್ತಿದ್ದ. ಕಾಲು ಒಳಗೆ ಹೋಗುತ್ತಿಲ್ಲ. ನಾನು ಕೆಳಗೆ ಕೂತು ಅವನ ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿದೆ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ನಿಮ್ಮ ತಾತನ ಕಾಲಲ್ಲಿ ಕಂಡಿದ್ದ ಅದೇ ಗುಳಿ. ಎದ್ದು ಒಳಗೆ ಹೋಗಿ ನೋಡಿದರೆ ಅವನ ಹಾಸಿಗೆಯಲ್ಲಿ ದಿಂಬಿನ ಮೇಲೆ ದಿಂಬು, ಅದರ ಮೇಲೆ ಮಡಿಸಿದ ಕಂಬಳಿ. ಹೀಗೆ ಒರಗಿಕೊಂಡರೇ ನಿದ್ದೆ ಹತ್ತುವುದು ಎಂದು ನಿಮ್ಮಮ್ಮ ಗೀತಾ ಹೇಳಿದಳು.

ಇವನು ಬಾವಿ ತೋಡಿಸಿರಲಿಲ್ಲ, ಬೋರ್ ಕೊರೆಸಿರಲಿಲ್ಲ. ಚಪ್ಪಡಿ ಮುಚ್ಚಿದ ಹಾಗೇ ಇತ್ತು. ಮತ್ತೆ ಈ ನೀರು ಎಲ್ಲಿಂದ ಬಂತು? ಅಷ್ಟು ವರ್ಷ ನಂಬಿದ್ದ ಮಾತು ಆ ನಿಂತ ನಿಲುವಿನಲ್ಲೇ ನನ್ನೊಳಗೆ ಬಿದ್ದುಹೋಯಿತು. ಬಿದ್ದದ್ದಕ್ಕೆ ಭಯವೂ ಆಯಿತು, ಒಂದು ಥರ ಬಲವೂ ಬಂತು. ನೆಲದ ನೀರಿನ ಮುನಿಸಾದರೆ ನಮ್ಮಿಂದ ಏನು ಮಾಡಲಾಗುತ್ತದೆ? ಕಾಯಿಲೆಯಾದರೆ ಮಾಡಲು ಏನಾದರೂ ಇರುತ್ತದೆ.

“ಇವ್ನು ಬಾವಿ ತೋಡ್ಸಿಲ್ಲ ಕಣವ್ವ. ಇದು ಬಾವಿದಲ್ಲ. ನಡಿ, ಆಸ್ಪತ್ರೆಗೆ ಓಗಾನ,” ಎಂದು ಗೀತಾಳಿಗೆ ಹೇಳಿದೆ.

ನಂಜನಗೂಡಿನ ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ ಎದೆಗಿಂತ ಹೆಚ್ಚು ಹೊತ್ತು ಬೆನ್ನಿಗೆ ಕೊಳವೆಯಿಟ್ಟು ಕೇಳಿದರು. ಕುತ್ತಿಗೆಯ ನರ ಉಬ್ಬಿದ್ದನ್ನು ನೋಡಿದರು. ಇಸಿಜಿ ತೆಗೆಸಿ, ಇದು ಶೀತವಲ್ಲ, ಇವತ್ತೇ ಮೈಸೂರಿನ ಹೃದಯದ ಆಸ್ಪತ್ರೆಗೆ ಹೋಗಿ ಎಂದರು. ಕಪಿಲೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಸೇತುವೆ ದಾಟುವಾಗ ನಿಮ್ಮಪ್ಪ ಕಣ್ಣು ಮುಚ್ಚಿಕೊಂಡಿದ್ದ.

ಮೈಸೂರಿನಲ್ಲಿ ಎದೆಯ ಸ್ಕ್ಯಾನ್ ಮಾಡಿದರು. ಎಕೋ ಅನ್ನುತ್ತಾರೆ. ಪರದೆಯ ಮೇಲೆ ಹೃದಯ ಬಡಿಯುವುದು ಕಾಣುತ್ತದೆ. ಚೆನ್ನಾಗಿರುವ ಹೃದಯ ಮುಷ್ಟಿ ಹಿಡಿದು ಬಿಟ್ಟ ಹಾಗೆ ಹಿಂಡಬೇಕಂತೆ. ನಿಮ್ಮಪ್ಪನದು ದೊಡ್ಡದಾಗಿ, ಗೋಡೆ ತೆಳ್ಳಗಾಗಿ, ಸುಮ್ಮನೆ ನಡುಗಿದ ಹಾಗಿತ್ತು. ರಕ್ತನಾಳದಲ್ಲಿ ಅಡ್ಡಿ ಇದೆಯೇ ಎಂದು ಬೇರೆ ಪರೀಕ್ಷೆ ಮಾಡಿದರು, ಏನೂ ಇರಲಿಲ್ಲ. ಕುಡಿಯುತ್ತಾನೆಯೇ ಎಂದು ಕೇಳಿದರು, ಇಲ್ಲ ಎಂದೆವು. ಆಮೇಲೆ ದೊಡ್ಡ ಡಾಕ್ಟರು ನನ್ನನ್ನೂ ಗೀತಾಳನ್ನೂ ಕೂರಿಸಿಕೊಂಡು, ಇದು ಹೃದಯದ ಮಾಂಸದ ಕಾಯಿಲೆ, ಸೈಕಲ್ ಟ್ಯೂಬು ಹಳೆಯದಾಗಿ ಹಿಗ್ಗಿಕೊಂಡ ಹಾಗೆ ಇವರ ಹೃದಯ ಹಿಗ್ಗಿದೆ, ರಕ್ತವನ್ನು ಮುಂದಕ್ಕೆ ತಳ್ಳುವ ಶಕ್ತಿ ಸಾಲದೆ ನೀರು ಹಿಂದಕ್ಕೆ ಶ್ವಾಸಕೋಶದಲ್ಲೂ ಕಾಲಲ್ಲೂ ನಿಲ್ಲುತ್ತಿದೆ ಎಂದು ಹೇಳಿದರು. ನಾವು ಬಾವಿಯದು ಎಂದುಕೊಂಡ ನೀರು ಎದೆಯಿಂದ ಬಂದದ್ದಾಗಿತ್ತು.

ಅವರು ನನ್ನ ಕಡೆ ತಿರುಗಿ ಕೇಳಿದರು. “ಅಮ್ಮ, ಇವರ ತಂದೆ ಹೇಗೆ ತೀರಿಕೊಂಡರು? ಅವರಿಗೆ ಮಲಗೋಕೆ ಆಗ್ತಿತ್ತಾ?”

ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಬೋರ್ ಎಷ್ಟು ಆಳ ಹೋಯಿತು ಎಂದು ಎಲ್ಲರೂ ಕೇಳಿದ್ದರು. ನಾನು ತಲೆ ಬಗ್ಗಿಸಿಕೊಂಡೇ ಕಂಬಕ್ಕೆ ಒರಗಿಕೊಳ್ಳುತ್ತಿದ್ದ ವಿಷಯ, ಕೆಮ್ಮಿನ ವಿಷಯ, ಮಾವನವರ ವಿಷಯ ಎಲ್ಲಾ ಹೇಳಿದೆ. ಬರೆದುಕೊಳ್ಳಲು ನಿಮ್ಮ ತಾತನ ಹೆಸರು ಕೇಳಿದಾಗ ಮಾತ್ರ ನಾಲಿಗೆ ಏಳಲಿಲ್ಲ. ಗಂಡನ ಹೆಸರನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ನರ್ಸ್ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು, ನಿಮ್ಮಪ್ಪ ಮಂಚದ ಮೇಲಿಂದಲೇ ಹೇಳಿದ. ಎಲ್ಲಾ ಕೇಳಿದ ಮೇಲೆ ಡಾಕ್ಟರು, ಇದು ರಕ್ತದಲ್ಲಿ ಇಳಿದು ಬರುವ ಥರದ್ದು ಇರಬೇಕು, ಒಡಹುಟ್ಟಿದವರು, ಅವರ ಮಕ್ಕಳು, ಇವರ ಮಕ್ಕಳು, ಎಲ್ಲರೂ ಒಂದು ಸಲ ಸ್ಕ್ಯಾನ್ ಮಾಡಿಸಬೇಕು, ಗಂಡು ಹೆಣ್ಣು ಅಂತಿಲ್ಲ ಎಂದರು.

ನೀರು ಇಳಿಸುವ ಔಷಧಿ ಕೊಟ್ಟು, ಬೇರೆ ಮಾತ್ರೆಗಳನ್ನು ಸಣ್ಣದಾಗಿ ಶುರುಮಾಡಿ ಕಳಿಸಿದರು. ವಾರ ಕಳೆದ ಹಾಗೆ ಸ್ವಲ್ಪ ಸ್ವಲ್ಪವಾಗಿ ಏರಿಸುವುದು, ಹೃದಯಕ್ಕೆ ಅಭ್ಯಾಸವಾಗಬೇಕು. ಉಪ್ಪು ಕಡಿಮೆ, ಕುಡಿಯುವ ನೀರು ಅಳತೆ, ದಿನಾ ಬೆಳಿಗ್ಗೆ ತೂಕ ನೋಡಬೇಕು. ತೂಕ ದಿಢೀರನೆ ಏರಿದರೆ ಅದು ಕೊಬ್ಬಲ್ಲ, ನೀರು. ನಮ್ಮ ಮನೆಯಲ್ಲಿ ತೂಕದ ಯಂತ್ರ ಎಲ್ಲಿತ್ತು? ದಿನಾ ಎದ್ದ ಕೂಡಲೇ ಹಿಟ್ಟಿನ ಮಿಲ್ಲಿಗೆ ಕರೆದುಕೊಂಡು ಹೋಗಿ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸುತ್ತಿದ್ದೆ. “ಏನ್ ದೊಡ್ಡವ್ವ, ಮಗನ್ನ ನುಣ್ಣಗೆ ಬೀಸ್ಬೇಕಾ, ತರಿಯಾಗಾ?” ಎಂದು ಮಿಲ್ಲಿನವನು ಕೇಳುತ್ತಿದ್ದ. ಉಪ್ಪಿಲ್ಲದ ಸಾರು ಬಡಿಸಿದ ಮೊದಲ ದಿನ ನಿಮ್ಮಪ್ಪ ಮುದ್ದೆ ಅದ್ದಿ, ಇದು ಸಾರೋ ಕೈ ತೊಳೆದ ನೀರೋ ಎಂದ. ಗೀತಾ ಬೆಳ್ಳುಳ್ಳಿ, ಹುಣಸೆ, ಮೆಣಸು ಜಾಸ್ತಿ ಹಾಕಿ ಅವನ ನಾಲಿಗೆಯನ್ನು ಮೋಸ ಮಾಡುವುದನ್ನು ಕಲಿತಳು. ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಗೆ ಸಾಗಿಸಿದೆ. ಪುಷ್ಯ ಮಳೆ ಹೊತ್ತಿಗೆ ಅವನ ಕಾಲಿನ ಊತ ಇಳಿದು ಮೂಳೆ ಕಂಡವು.

ಇಷ್ಟರಲ್ಲಿ ಸೋಸಲೆಯಿಂದ ಫೋನ್ ಬಂತು. ಸೋಸಲೆಯಲ್ಲಿ ಇದ್ದದ್ದು ನಿಮ್ಮ ತಾತನ ಒಬ್ಬಳೇ ತಂಗಿ ಪುಟ್ಟತಾಯಿ. ಅವಳ ಮಗಳು ಶೋಭಾಳನ್ನು ಹುಲ್ಲಹಳ್ಳಿಗೆ ಕೊಟ್ಟಿತ್ತು, ಚೊಚ್ಚಲ ಹೆರಿಗೆಗೆ ತಾಯಿ ಮನೆಗೆ ಬಂದಿದ್ದಳು. ಎಂಟನೇ ತಿಂಗಳು, ಕಾಲು ಹಲಸಿನ ಹಣ್ಣಿನ ಹಾಗೆ ಊದಿದೆ, ನಡೆದರೆ ಏದುಸಿರು, ಗಂಡು ಮಗುವೇ ಇರಬೇಕು ಎಂದು ಪುಟ್ಟತಾಯಿ ಸಂತೋಷದಿಂದ ಹೇಳಿದಳು. ಡಾಕ್ಟರು ಹೇಳಿದ್ದನ್ನು ಹೇಳಲು ಹೋದೆ. ಬಸುರಿ ಎದುರು ಕೆಟ್ಟ ಮಾತು ಆಡಬೇಡ ಎಂದು ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ತೆಗೆಯಲಿಲ್ಲ.

ನಮ್ಮಿಬ್ಬರ ನಡುವೆ ಒಂದು ಹಳೆಯ ಮುಳ್ಳಿತ್ತು. ಶೋಭಾಳನ್ನು ನಿಮ್ಮಪ್ಪನಿಗೆ ತಂದುಕೊಳ್ಳಲಿ ಎಂದು ಅವಳಿಗೆ ಆಸೆಯಿತ್ತು. ಜೊತೆಯಲ್ಲಿ ಆಡಿ ಬೆಳೆದವಳು, ಒಲ್ಲೆ ಎಂದು ನಿಮ್ಮಪ್ಪ ಹೇಳಿದ, ನಿಮ್ಮಮ್ಮನನ್ನು ತಂದೆವು. ಅಂದಿನಿಂದ ಪುಟ್ಟತಾಯಿ ನನ್ನ ಜೊತೆ ಅಳೆದು ತೂಗಿ ಮಾತಾಡುತ್ತಿದ್ದಳು.

ಗೀತಾ ನಿಮ್ಮಪ್ಪನನ್ನೂ ನಿಮ್ಮನ್ನೂ ಬಿಟ್ಟು ಬರುವಂತಿರಲಿಲ್ಲ. ನಾನೊಬ್ಬಳೇ ಹೊರಟೆ. ಡಾಕ್ಟರಿಗೆ ತೋರಿಸಲು ಬೇಕಾಗಬಹುದು ಎಂದು ನಿಮ್ಮಪ್ಪನ ಸ್ಕ್ಯಾನಿನ ಹಾಳೆ, ನುಂಗುವ ಮಾತ್ರೆಯ ಸ್ಟ್ರಿಪ್ಪುಗಳು ಎರಡನ್ನೂ ಬ್ಯಾಗಿಗೆ ಹಾಕಿಕೊಂಡೆ. ನಂಜನಗೂಡಿನಿಂದ ನರಸೀಪುರದ ಬಸ್ಸು, ಅಲ್ಲಿಂದ ಸೋಸಲೆಯ ಬಸ್ಸು. ದಾರಿಯುದ್ದಕ್ಕೂ ನಾಟಿ ನಡೆದಿತ್ತು, ಹೆಂಗಸರು ಮಳೆಗೆ ತಲೆಯ ಮೇಲೆ ಗೋಣಿಯ ಗೊಪ್ಪೆ ಹಾಕಿಕೊಂಡು ಸಾಲಾಗಿ ಬಾಗಿದ್ದರು. ನಾನು ಹೇಳಬೇಕಾದ ಮಾತನ್ನು ಕಿಟಕಿಗೆ ಮುಖ ಮಾಡಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ.

ಪುಟ್ಟತಾಯಿ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದಳು. ನಾನು ನಿಂತೇ ಎಲ್ಲಾ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

“ಸೊಸೆ ಮಾಡ್ಕಳಾಕೆ ಬ್ಯಾಡ್ವಾಗಿದ್ದ ನನ್ ಮಗಳ ಎದೆ ಈಗ ನೆಪ್ಪಾಯ್ತಾ ಅತ್ತಿಗೆ?” ಎಂದಳು.

ಅವಳು ಮುಂದುವರಿಸಿದಳು. ಅಪ್ಪ ಬಾವಿ ತೋಡಿಸಿದ್ದು, ಅಣ್ಣ ಬೋರ್ ಹಾಕಿಸಿದ್ದು ಊರಿಗೇ ಗೊತ್ತು, ಹೆಣ್ಣುಮಕ್ಕಳು ಗುದ್ದಲಿ ಹಿಡಿದಿದ್ದೇವೆಯೇ? ಮಹದೇವ ಕರೆಂಟ್ ಕಂಬ ಹತ್ತುವವನು, ಅವನಿಗೆ ಕರೆಂಟೇ ಹೊಡೆದಿರಬೇಕು. ಎದೆ ಕಾಯಿಲೆ ಅಂತ ಹುಲ್ಲಹಳ್ಳಿಯ ಬೀಗರ ಕಿವಿಗೆ ಬಿದ್ದರೆ ನನ್ನ ಮಗಳನ್ನು ಮತ್ತೆ ಕರೆದುಕೊಂಡು ಹೋಗುತ್ತಾರೆಯೇ? ಏನಿದ್ದರೂ ಹೆತ್ತ ಮೇಲೆ ನೋಡಿದರಾಯಿತು.

ನಾನು ಒಳಗೆ ಹೋದೆ. ಶೋಭಾ ಗೋಡೆಗೆ ಒರಗಿ ಕೂತಿದ್ದಳು. ಬೆನ್ನ ಹಿಂದೆ ದಿಂಬು, ಕೌದಿ ಪೇರಿಸಿದ್ದರು. ಆ ರಾಶಿ ನೋಡಿದ ಮೇಲೆ ನನಗೆ ಬೇರೇನೂ ಕೇಳಬೇಕಾಗಿರಲಿಲ್ಲ. ಆದರೂ, ಒಸಿ ಮಲಕ್ಕವ್ವ ಎಂದೆ.

“ಆಯ್ತಾ ಇಲ್ಲ ಅತ್ತೆ. ಮಲಗುದ್ರೆ ಯಾರೋ ಎದೆ ಮ್ಯಾಲೆ ಕುಂತಂಗಾಯ್ತದೆ. ಮಗು ಮ್ಯಾಲಕ್ಕೆ ಒತ್ತುತಾ ಅದೆ ಅಂತಾಳೆ ಅವ್ವ,” ಎಂದು ನಕ್ಕಳು. ಅಷ್ಟು ಹೇಳುವುದರೊಳಗೆ ಎರಡು ಸಲ ಉಸಿರೆಳೆದುಕೊಂಡಳು.

ಪುಟ್ಟತಾಯಿ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು ನನ್ನ ಮುಂದಿಟ್ಟಳು. ನಾನು ಮುಟ್ಟಲಿಲ್ಲ. ಕೊಟ್ಟ ಹೆಣ್ಣಿನ ಮನೆಗೆ ತವರಿನವರು ಬಂದು, ಕೊಟ್ಟ ನೀರನ್ನು ಮುಟ್ಟದೆ ಎದ್ದು ಹೋದರೆ ಆ ಹೆಣ್ಣಿಗೆ ತವರು ತೀರಿತು ಎಂದೇ ನಮ್ಮಲ್ಲಿ ಲೆಕ್ಕ. ಅಪ್ಪ ಅಮ್ಮ ಅಣ್ಣ ಯಾರೂ ಉಳಿಯದ ಪುಟ್ಟತಾಯಿಗೆ ತವರು ಅಂತ ಇದ್ದವಳು ನಾನೊಬ್ಬಳೇ. ಅದು ಅವಳಿಗೂ ಗೊತ್ತಿತ್ತು.

“ಕುಡಿ ಅತ್ತಿಗೆ.”

“ಶೋಭಾ ಆಸ್ಪತ್ರೆಗೆ ಅಂತ ಆಟೋ ಅತ್ಲಿ. ಕುಡೀತೀನಿ.”

“ನನ್ನ ಎದ್ರಿಸ್ತಾ ಇದ್ದೀಯಾ?”

“ನಾನೇ ಎದ್ರುಕೊಂಡು ಬಂದಿವ್ನಿ ಕಣವ್ವ,” ಎಂದೆ.

ಅವಳು ಚೊಂಬನ್ನು ನನ್ನ ಕಡೆ ಇನ್ನಷ್ಟು ಸರಿಸಿದಳು. ಆಮೇಲೆ ದನಿ ಇಳಿಸಿ, ಆಸ್ಪತ್ರೆ ಯಾಕೆ, ಮಹದೇವ ನುಂಗುವ ಮಾತ್ರೆಯಲ್ಲೇ ನಾಲ್ಕು ಕೊಟ್ಟು ಹೋಗು, ಒಂದೇ ಕಾಯಿಲೆ ಅಂದ ಮೇಲೆ ಒಂದೇ ಮಾತ್ರೆ ತಾನೆ ಎಂದಳು. ಮಾತ್ರೆ ನನ್ನ ಬ್ಯಾಗಿನಲ್ಲೇ ಇತ್ತು. ಬ್ಯಾಗನ್ನು ಕಂಕುಳಿಗೆ ಒತ್ತಿಕೊಂಡೆ. ಅವನ ಮಾತ್ರೆ ಅವನಿಗೆ ನೋಡಿ ಕೊಟ್ಟಿರುವುದು, ಹೊಟ್ಟೆಯಲ್ಲಿ ಕೂಸು ಇರುವವಳಿಗೆ ನಾನು ಕೊಡಲಾರೆ ಎಂದೆ. ಅವತ್ತು ಅದನ್ನು ಕೊಟ್ಟು, ನೀರು ಕುಡಿದು, ನೆಂಟಸ್ತಿಕೆ ಉಳಿಸಿಕೊಂಡು ಬರುವುದು ಸುಲಭವಿತ್ತು. ಆ ಮಾತ್ರೆಗಳಲ್ಲಿ ಒಂದು ಬಸುರಿಯರಿಗೆ ಕೊಡಲೇಬಾರದ್ದು, ಕೂಸಿಗೇ ಅಪಾಯ ಎಂದು ಆಮೇಲೆ ಮೈಸೂರಿನ ಡಾಕ್ಟರು ಹೇಳಿದರು. ಮನೆಯಲ್ಲಿ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಬಾರದು ಎಂದು ನಾನು ನಿಮ್ಮನ್ನು ಗದರುವುದು ಇದಕ್ಕೇ.

ಚೊಂಬು ನಮ್ಮಿಬ್ಬರ ನಡುವೆ ಹಾಗೇ ಇತ್ತು. ಶೋಭಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದು ನಿಂತಳು.

“ಅವ್ವ, ಅತ್ತೆ ನೀರ್ ಕುಡೀಲಿ. ಓಗಿ ತೋರ್ಸಿಕೊಂಡೇ ಬರಾನ. ನನ್ ಕೈಲಿ ಆಯ್ತಾ ಇಲ್ಲ ಕಣವ್ವ.”

ಹುಡುಗಿ ಅಷ್ಟು ದಿನ ತಾಯಿಯ ಸಂತೋಷ ಕೆಡಬಾರದು ಎಂದು ನಗುತ್ತಲೇ ಇದ್ದವಳು. ಪುಟ್ಟತಾಯಿ ಎದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಆಟೋ ಕರೆಯಲು ತಾನೇ ಬೀದಿಗೆ ಹೋದಳು. ಶೋಭಾ ಆಟೋದಲ್ಲಿ ಕೂತ ಮೇಲೆ ನಾನು ಚೊಂಬಿನ ನೀರನ್ನು ಪೂರ್ತಿ ಕುಡಿದೆ.

ನರಸೀಪುರದ ಆಸ್ಪತ್ರೆಯಲ್ಲಿ ತುಂಬಾ ಜನ. ಬಸುರಿಯರ ಸಾಲಿನಲ್ಲಿ ನಿಲ್ಲಿ ಎಂದರು. ಕಾಲು ಊತ ಎಲ್ಲರಿಗೂ ಇರುವುದೇ ತಾನೆ. ಆಗ ನಾನು ಸಾಲು ಬಿಟ್ಟು ಡಾಕ್ಟರ ಮೇಜಿನ ಹತ್ತಿರ ಹೋಗಿ, ಇವಳ ತಾತ, ಇವಳ ಸೋದರಮಾವ ಹೀಗೇ ಉಸಿರು ಕಟ್ಟಿ ಹೋದರು, ನನ್ನ ಮಗನಿಗೆ ಹೃದಯ ಹಿಗ್ಗಿದೆ, ಇವಳಿಗೆ ಮಲಗಲು ಆಗುತ್ತಿಲ್ಲ ಎಂದು ಹೇಳಿ ಸ್ಕ್ಯಾನಿನ ಹಾಳೆ ಮುಂದಿಟ್ಟೆ. ಅಷ್ಟೂ ಜನರ ಎದುರಿಗೆ ಅಷ್ಟು ಮಾತನ್ನು ಒಂದೇ ಉಸಿರಿಗೆ ನಾನು ಅದಕ್ಕೆ ಮೊದಲು ಆಡಿರಲಿಲ್ಲ. ಆಮೇಲೂ ಆಡಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. ಶೋಭಾಳ ಬೆನ್ನಿಗೆ ಕೊಳವೆಯಿಟ್ಟು ಕೇಳಿದರು. ಆಕ್ಸಿಜನ್ ಹಾಕಿಸಿ, ಆಂಬ್ಯುಲೆನ್ಸ್ ಕರೆಸಿದರು.

ಮೈಸೂರಿನಲ್ಲಿ ಅದೇ ಪರದೆ, ಅದೇ ದೊಡ್ಡ ಸೋತ ಹೃದಯ. ಹೃದಯದ ಡಾಕ್ಟರು, ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು ಸೇರಿ ಮಾತಾಡಿಕೊಂಡರು. ಬಸುರಿಗೆ ಆಗುವ ಔಷಧಿ ಮಾತ್ರ ಕೊಟ್ಟು ನೀರು ಇಳಿಸಿದರು. ಕೂಸು ಒಳಗೆ ಬಲಿಯಲು ಎಷ್ಟು ದಿನ ತಡೆಯಬಹುದೋ ಅಷ್ಟು ದಿನ ತಡೆದರು. ಪುಟ್ಟತಾಯಿ ಮತ್ತು ನಾನು ವಾರ್ಡಿನ ಹೊರಗೆ ಒಂದೇ ಚಾಪೆಯಲ್ಲಿ ಕೂತೆವು. ಹುಲ್ಲಹಳ್ಳಿಯ ಬೀಗಿತ್ತಿ ಬಂದಾಗ ಪುಟ್ಟತಾಯಿ ನನ್ನ ಕೈ ಹಿಡಿದುಕೊಂಡಳು. ಆ ಹೆಂಗಸು ಬೈಯಲಿಲ್ಲ. ತಂದಿದ್ದ ಬುತ್ತಿ ಬಿಚ್ಚಿ, ಮೊದಲೇ ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿ, ನಮ್ಮಿಬ್ಬರಿಗೂ ಬಡಿಸಿದಳು.

ಅವಧಿಗೆ ಮುಂಚೆಯೇ ಆಪರೇಷನ್ ಮಾಡಿ ಕೂಸು ತೆಗೆದರು. ಹೆಣ್ಣು. ಅಂಗೈ ಮೇಲೆ ಹಿಡಿಯುವಷ್ಟು ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹೆತ್ತ ಮೇಲಿನ ದಿನಗಳೇ ತಾಯಿಯ ಹೃದಯಕ್ಕೆ ಹೆಚ್ಚು ಕಷ್ಟ ಎಂದು ಮೊದಲೇ ಎಚ್ಚರಿಸಿದ್ದರು. ಹಾಗೆಯೇ ಆಯಿತು. ಶೋಭಾಳ ಉಸಿರು ಮತ್ತೆ ಕೆಟ್ಟಿತು, ಐಸಿಯು ಒಳಗೆ ನಮ್ಮನ್ನು ಬಿಡಲಿಲ್ಲ. ನಾವು ಕಾದೆವು. ಮಖೆ ಮಳೆ ಆಸ್ಪತ್ರೆಯ ತಗಡಿನ ಮೇಲೆ ಸುರಿಯುತ್ತಲೇ ಇತ್ತು. ಒಂದು ಬೆಳಿಗ್ಗೆ ನರ್ಸ್ ಬಂದು, ಪೇಶಂಟ್ ಕಾಫಿ ಕೇಳುತ್ತಿದ್ದಾರೆ ಎಂದಳು. ಪುಟ್ಟತಾಯಿ ಅತ್ತದ್ದು ಆಗ.

ಇದು ಸೋಸಲೆಯ ಶೋಭತ್ತೆ ಮತ್ತು ಅವಳ ಮಗಳು ಕಾವ್ಯಳ ಕಥೆ. ಕಳೆದ ಹಬ್ಬಕ್ಕೆ ಬಂದು ನಿಮ್ಮ ಜೊತೆ ಜಗಳವಾಡಿ ಹೋದಳಲ್ಲ, ಅವಳೇ ಆ ಅಂಗೈಯಷ್ಟಿದ್ದ ಕೂಸು. ಶೋಭಾ ಇವತ್ತಿಗೂ ಮಾತ್ರೆ ನುಂಗುತ್ತಾಳೆ. ಇನ್ನೊಂದು ಮಗು ಬೇಡ ಎಂದು ಡಾಕ್ಟರು ಹೇಳಿದ್ದನ್ನು ಬೀಗಿತ್ತಿಯೇ ಊರವರ ಬಾಯಿ ಮುಚ್ಚಿಸಿ ಒಪ್ಪಿಸಿದಳು. ನಿಮ್ಮಪ್ಪನ ಹೃದಯ ದೀಪಾವಳಿ ಹೊತ್ತಿಗೆ ಚೇತರಿಸಿಕೊಂಡಿತ್ತು. ಕಂಬ ಹತ್ತುವ ಕೆಲಸ ಬಿಡಿಸಿ ಕರೆಂಟ್ ಸ್ಟೇಷನ್ನಿನ ಒಳಗಿನ ಕೆಲಸ ಕೊಟ್ಟರು. ಗುಣವಾಯಿತಲ್ಲ, ಮಾತ್ರೆ ಯಾಕೆ ಎಂದು ಕೇಳಿದವರಿಗೆಲ್ಲಾ ನಾನು ಒಂದೇ ಮಾತು ಹೇಳಿದ್ದೇನೆ: ಚೆನ್ನಾಗಿರುವುದು ಮಾತ್ರೆಯಿಂದ, ಬಿಟ್ಟರೆ ಕೆಡುತ್ತದೆ.

ಈ ಬೇಸಿಗೆ ರಜೆಗೆ ನಿಮ್ಮಿಬ್ಬರದೂ ಮತ್ತೆ ಸ್ಕ್ಯಾನ್ ಇದೆ. ಇಲ್ಲಿಯವರೆಗೆ ಏನೂ ಕಂಡಿಲ್ಲ. ಮುಂದೆ ಕಾಣಬಹುದು, ಕಾಣದೆಯೂ ಇರಬಹುದು. ಬೆಳೆದ ಮೇಲೆ, ನಾನಿಲ್ಲದ ಕಾಲದಲ್ಲಿ, ಏನೂ ಆಗಿಲ್ಲವಲ್ಲ ಎಂದು ತಪ್ಪಿಸಿಕೊಳ್ಳಬೇಡಿ. ಸುದ್ದಿಯನ್ನು ನೆಂಟರಿಂದ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಇನ್ನೊಂದು ಮನೆಯಲ್ಲಿ ಯಾರೋ ದಿಂಬು ಪೇರಿಸಿಕೊಂಡು ಕೂತಿರುತ್ತಾರೆ. ಕಂಡರೆ, ಇದನ್ನು ನಮಗೆ ಯಾಕೆ ಕೊಟ್ಟೆ ಎಂದು ನಿಮ್ಮಪ್ಪನ ಮೇಲೆ ಮುನಿಯಲೂ ಬೇಡಿ. ಆ ಪ್ರಶ್ನೆಯನ್ನು ತನ್ನ ಮೇಲೇ ತಿರುಗಿಸಿಕೊಂಡು ಪುಟ್ಟತಾಯಿ ನನ್ನನ್ನು ಕೇಳಿದ್ದಳು. ಶೋಭಾ ಐಸಿಯುನಿಂದ ಹೊರಗೆ ಬಂದ ಮಾರನೇ ದಿನ, ಕಾಯಿಲೆ ತಾಯಿಯ ಕಡೆಯಿಂದ ಬಂದಿದೆ, ನೀವೂ ಪರೀಕ್ಷೆ ಮಾಡಿಸಿ ಎಂದು ಅವಳಿಗೆ ಡಾಕ್ಟರು ಹೇಳಿದ್ದರು. ಸ್ಕ್ಯಾನಿನ ಕೋಣೆಯ ಬಾಗಿಲಲ್ಲಿ ಅವಳು ನಿಂತುಬಿಟ್ಟಳು. ಒಳಗಿಂದ ಹೆಸರು ಕೂಗುತ್ತಿದ್ದರು.

“ಅತ್ತಿಗೆ, ನನ್ ಎದೇಲೂ ಇದ್ರೆ, ಶೋಭಂಗೆ ನಾನೇ ಕೊಟ್ಟಂಗಾಯ್ತಲ್ವಾ?” ಎಂದಳು.

ನನಗೆ ಮಾತು ಹುಡುಕಬೇಕಾಗಲಿಲ್ಲ.

“ಅವಳ ಕಣ್ಣೂ ನೀನ್ ಕೊಟ್ಟಿದ್ದೇ, ನಗೂ ನೀನ್ ಕೊಟ್ಟಿದ್ದೇ. ಯಾವ್ದನ್ನೂ ಆರಿಸ್ಕೊಂಡು ಕೊಡ್ಲಿಲ್ಲ ಕಣವ್ವ. ಓಗು, ಮಲಕ್ಕೋ. ನಾನಿಲ್ಲೇ ಇವ್ನಿ.”

ಪುಟ್ಟತಾಯಿ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋದಳು.